ಓತಿಕ್ಯಾತಕ್ಕೆ ಮನೆ ಕಟ್ಟೋಕೆ ಹೋಗಿ ಗೂಟ ನೆಟ್ಟಿದ್ದು

ದಿನ 1

ಬೆಳಿಗ್ಗೆ ನೀರು ಹಾಕೋಕೆ ಅಂತ ಹಿತ್ತಲಿಗೆ ಹೋದ್ರೆ ಟೊಮ್ಯಾಟೊ ಸಾಲಿನ ಮೇಲೆ ಹೊದ್ಸಿದ್ದ ಹಕ್ಕಿ ಬಲೆ ಒಂದ್ಕಡೆ ಮಾತ್ರ ಅಲ್ಲಾಡ್ತಿತ್ತು, ಗಾಳಿ ಅನ್ನೋದೇ ಇಲ್ಲ. ಬಗ್ಗಿ ನೋಡಿದ್ರೆ ಓತಿಕ್ಯಾತ. ತಲೆ, ಮುಂದಿನ ಎರಡೂ ಕಾಲು ಬಲೆ ಕಣ್ಣಿಂದ ಆಚೆ ಬಂದಿವೆ, ಹೊಟ್ಟೆ ಈಚೆ ಸಿಕ್ಕಾಕ್ಕೊಂಡಿದೆ, ಬಾಲ ಇನ್ನೆರಡು ಕಣ್ಣಲ್ಲಿ ಹೆಣ್ಕೊಂಡಿದೆ. ಎಷ್ಟೊತ್ತಿಂದ ಒದ್ದಾಡ್ತಿತ್ತೋ ಏನೋ, ಮೈಯೆಲ್ಲ ಕಪ್ಪಗಾಗಿತ್ತು, ಬಾಯಿ ತೆರ್ಕೊಂಡು ಒಂದು ಕಣ್ಣಲ್ಲಿ ನನ್ನ, ಇನ್ನೊಂದು ಕಣ್ಣಲ್ಲಿ ನನ್ನ ಕೈಲಿದ್ದ ಪೈಪನ್ನ ನೋಡ್ತಿತ್ತು. ಸುಮ್ನೆ ಹೇಳ್ತಿಲ್ಲ, ಇದಕ್ಕೆ ಎರಡು ಕಣ್ಣನ್ನೂ ಬೇರೆಬೇರೆ ದಿಕ್ಕಿಗೆ ತಿರುಗಿಸೋಕೆ ಬರುತ್ತೆ.

ಮೊದಲು ಮಾಡಿದ್ದೇ ತಪ್ಪು. ಬಾಲದ ಬುಡ ಹಿಡ್ಕೊಂಡು ಮೆಲ್ಲಗೆ ಹಿಂದಕ್ಕೆ ಎಳ್ದೆ. ಕೂದಲೆಳೆಯಷ್ಟೂ ಬರ್ಲಿಲ್ಲ, ಬದ್ಲು ಇನ್ನೂ ಬಿಗೀತು. ಯಾಕೆ ಅಂತ ಹತ್ರ ಹೋಗಿ ನೋಡ್ದಾಗ ಗೊತ್ತಾಯ್ತು. ಓತಿಕ್ಯಾತದ ಬೆನ್ನಿನ ಹುರುಪೆಗಳು ಹಿಂದಕ್ಕೂ ಮೇಲಕ್ಕೂ ಚೂಪಾಗಿ ನಿಂತಿರ್ತವೆ, ಮುಂದಕ್ಕೆ ನುಗ್ಗುವಾಗ ನೈಲಾನ್ ದಾರ ಅದರ ಮೇಲೆ ಸಲೀಸಾಗಿ ಜಾರುತ್ತೆ, ವಾಪಸ್ ಬರೋಣ ಅಂದ್ರೆ ಒಂದೊಂದು ಹುರುಪೆಯೂ ದಾರನ ಹಿಡ್ಕೊಂಡುಬಿಡುತ್ತೆ. ಕೇಬಲ್ ಟೈ ನೋಡಿದೀರಲ್ಲ, ಹೋಗ್ತಾ ಹೋಗುತ್ತೆ, ಬರಲ್ಲ, ಅದೇ ಕಥೆ.

ಅಮ್ಮ ಹಿಂದಿಂದ "ಕಚ್ಚುತ್ತೆ ಕಣೋ, ಬರೀ ಕೈ ಹಾಕ್ಬೇಡ" ಅಂತ ಕೂಗಿದ್ರು. ಕಚ್ಚುತ್ತೆ ನಿಜ, ಆದ್ರೆ ವಿಷ ಗಿಷ ಏನಿಲ್ಲ, ದೊಡ್ಡದಾದ್ರೆ ಬಟ್ಟೆ ಕ್ಲಿಪ್ ಹಾಕ್ದಂಗೆ ಆಗುತ್ತೆ ಅಷ್ಟೆ. ಒಂದು ಹಳೇ ಬನಿಯನ್ ಒದ್ದೆ ಮಾಡಿ ಹಿಂಡಿ ತಲೆ ಮೇಲೆ ಹಾಕ್ದೆ, ಕತ್ತಲಾಗಿದ್ದೇ ತಡ ಒದ್ದಾಟ ನಿಂತ್ಹೋಯ್ತು. ಆಮೇಲೆ ಬಲೆನೇ ಸುತ್ತ ದೊಡ್ಡದಾಗಿ ಕತ್ತರ್ಸಿ, ಓತಿಕ್ಯಾತದ ಸಮೇತ ಬಲೆ ತುಂಡನ್ನ ನೆರಳಿಗೆ ತಗೊಂಡ್ ಬಂದು, ಉಗುರು ಕತ್ತರ್ಸೋ ಸಣ್ಣ ಕತ್ತರಿಲಿ ಒಂದೊಂದೇ ಎಳೆ ಕತ್ತರ್ಸ್ತಾ ಹೋದೆ, ಎಣ್ಸಿದೀನಿ, ಹನ್ನೊಂದು ಎಳೆ. ಕತ್ತರಿಯ ಮೊಂಡು ಕಡೆ ಮೈಗೆ, ಚೂಪು ಕಡೆ ಹೊರಕ್ಕೆ. ಕೊನೇಲಿ ಬಿಟ್ಟೆ ಅಂತ ಅನ್ಕೊಂಡಾಗ ಸೊಂಟದ ಹತ್ರ ಮಡಿಕೆ ಒಳಗೆ ಹೂತ್ಹೋಗಿದ್ದ ಇನ್ನೊಂದು ಎಳೆ ಕಾಣ್ತು. ಅದನ್ನ ನೋಡ್ದೆ ಬಿಟ್ಟಿದ್ರೆ ಹೊರಗಿಂದ ಚೆನ್ನಾಗೇ ಓಡ್ಹೋಗಿರೋದು, ಒಂದು ವಾರದಲ್ಲಿ ದಾರ ಮಾಂಸದ ಒಳಗೆ ಇಳೀತಿತ್ತು. ಹಾಗಾಗಿ ಹನ್ನೆರಡು ಎಳೆ. ಯಾರಾದ್ರೂ ಬಿಡ್ಸೋದಿದ್ರೆ ಕುತ್ತಿಗೆ, ಕಂಕುಳು, ಸೊಂಟ ಮೂರೂ ಕಡೆ ಬೆರಳಾಡ್ಸಿ ನೋಡಿ, ಆಮೇಲೆ ಸೋಪ್ ಹಾಕಿ ಕೈ ತೊಳ್ಕೊಳಿ, ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡ್ಸೋ ಬ್ಯಾಕ್ಟೀರಿಯಾ ಇರೋದು ಮಾಮೂಲಿ.

ಬಾಲ ಹಿಡ್ದಿದ್ದಂತೂ ಶುದ್ಧ ದಡ್ಡತನ. ಹಲ್ಲಿ ಥರ ಇದು ಬಾಲ ಕಳಚಿ ಓಡಲ್ಲ, ಮುರಿದ್ರೆ ಮುರೀತು, ಹೊಸದು ಬರೋದಿಲ್ಲ. ಬೇಲಿ ಬುಡದಲ್ಲಿ ಬಿಟ್ಟೆ, ಐದು ನಿಮಿಷ ಅಲ್ಲಾಡ್ದೆ ಕೂತಿತ್ತು, ಕಪ್ಪು ನಿಧಾನಕ್ಕೆ ಇಳ್ದು ಕಂದು ಬಣ್ಣ ಬಂತು, ಆಮೇಲೆ ಒಂದೇ ಓಟ.

ದಿನ 2ರಿಂದ 4, ಬಲೆ ರಿಪೇರಿ

ಹಳೇ ಬಲೆಯ ಕಣ್ಣು ಅಳ್ದೆ, 20 ಮಿಮೀ. ತೋರುಬೆರಳು ಆರಾಮಾಗಿ ತೂರುತ್ತೆ. ಬೆರಳು ತೂರೋ ಬಲೆ ಅಂದ್ರೆ ಓತಿಕ್ಯಾತ, ಹಾವು, ಬಾವಲಿ, ಸಣ್ಣ ಹಕ್ಕಿ ಎಲ್ಲಕ್ಕೂ ಉರುಳು ಅಂತಲೇ ಲೆಕ್ಕ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರಿಂದ ಇದು ಕಾನೂನೇ ಆಗಿದೆ, ಮನೆ ತೋಟದ ಹಣ್ಣಿನ ಗಿಡಕ್ಕೆ ಹಾಕೋ ಬಲೆ ಪೂರ್ತಿ ಎಳೆದು ಹಿಡಿದ್ರೂ ಕಣ್ಣು 5 ಮಿಮೀ ಉದ್ದ 5 ಮಿಮೀ ಅಗಲಕ್ಕಿಂತ ಜಾಸ್ತಿ ಇರ್ಬಾರ್ದು. "ಪೂರ್ತಿ ಎಳೆದು" ಅನ್ನೋದು ಗಮನಿಸ್ಬೇಕಾದ ಮಾತು, ಯಾಕಂದ್ರೆ ಸಡಿಲ ಇದ್ದಾಗ ಪುಟಾಣಿ ಕಾಣೋ ಕಣ್ಣು ಒಂದು ಪ್ರಾಣಿ ತಲೆ ತೂರ್ಸಿದಾಗ ಹಿಗ್ಗುತ್ತೆ.

ಹೊಸದಕ್ಕೆ 2 ಮಿಮೀ ಕಣ್ಣಿನ ಬಿಳೀ ಕೀಟದ ಬಲೆ ತಂದೆ. ಬಿಳೀದು ಯಾಕೆ ಅಂದ್ರೆ ಕಪ್ಪು, ಹಸಿರು ಬಲೆ ನಮಗೂ ಕಾಣಲ್ಲ ಅವಕ್ಕೂ ಕಾಣಲ್ಲ. ಹಳೇದನ್ನ ಗಿಡದ ಮೇಲೆ ಸೀದಾ ಹೊದ್ಸಿದ್ದೆ, ನೆಲದ ಹತ್ರ ರಾಶಿ ರಾಶಿ ಮಡಿಕೆ ಬಿದ್ದಿತ್ತು, ಸಿಕ್ಕಾಕ್ಕೊಂಡಿದ್ದೂ ಆ ಮಡಿಕೆಲೇ. ಹಾಗಾಗಿ ಈ ಸಲ ಚೌಕಟ್ಟು ಕಟ್ಟಿ ಡೋಲು ಬಿಗಿದ ಹಾಗೆ ಬಿಗಿಯೋಣ ಅಂತ ಮುಕ್ಕಾಲು ಇಂಚಿನ ಪಿವಿಸಿ ಪೈಪು, ಮೂಲೆಗೆ ಎಂಟು ಎಲ್ಬೋ, ಮಧ್ಯಕ್ಕೆ ನಾಲ್ಕು ಟೀ ಜಾಯಿಂಟು ತಂದು ಹ್ಯಾಕ್ಸಾದಲ್ಲಿ ಕತ್ತರ್ಸಿ ಜೋಡ್ಸ್ದೆ. 8 ಅಡಿ ಉದ್ದ, 3 ಅಡಿ ಅಗಲ, 5 ಅಡಿ ಎತ್ತರ.

ಇಲ್ಲೊಂದು ಎಡವಟ್ಟು. ಮುಂದೆ ಬಿಚ್ಚೋಕೆ ಬೇಕಾಗುತ್ತೆ ಅಂತ ಜಾಯಿಂಟಿಗೆ ಸಾಲ್ವೆಂಟ್ ಅಂಟು ಹಾಕಿರ್ಲಿಲ್ಲ, ಬಲೆ ಬಿಗಿದು ಕಟ್ತಾ ಬಂದ ಹಾಗೆ ಉದ್ದದ ಪೈಪುಗಳು ಬಿಲ್ಲಿನ ಥರ ಒಳಕ್ಕೆ ಬಾಗಿದ್ವು, ನೋಡ್ತಾ ನೋಡ್ತಾ ಮೂಲೆಯ ಎಲ್ಬೋ ಟಪ್ ಅಂತ ಕಳಚ್ಕೊಂಡು ಇಡೀ ಚೌಕಟ್ಟು ಟೊಮ್ಯಾಟೊ ಮೇಲೆ ಅಂಗಾತ ಬಿತ್ತು. ಎರಡು ಗಿಡ ಹೋಯ್ತು. ಮತ್ತೆ ಎಬ್ಬಿಸಿ, ಮೂಲೆ ಜಾಯಿಂಟಿಗೆ ಅಂಟು ಹಾಕಿ, ಮಧ್ಯದ ಟೀಗಳಿಗೆ ಮಾತ್ರ ಸ್ಕ್ರೂ ಹೊಡ್ದು, ಉದ್ದಕ್ಕೆ ನಡುವೆ ಒಂದೊಂದು ಅಡ್ಡ ಪೈಪು ಕೊಟ್ಟೆ. ಈಗ ಬಲೆ ಮೇಲೆ ಬೆರಳಲ್ಲಿ ಮೀಟಿದ್ರೆ ಸದ್ದು ಬರುತ್ತೆ.

ಇನ್ನೊಂದು ತಲೆನೋವು. ಪೂರ್ತಿ ಮುಚ್ಚಿದ್ರೆ ಓತಿಕ್ಯಾತ ಒಳಗೆ ಬರೋಕಾಗಲ್ಲ, ಬರ್ಲಿಲ್ಲ ಅಂದ್ರೆ ಒಳಗಿರೋ ಕಂಬಳಿಹುಳ, ಮಿಡತೆ, ಇರುವೆನ ತಿನ್ನೋರು ಯಾರು. ಅದಕ್ಕೆ ಬಲೆನ ನೆಲದವರೆಗೆ ತರ್ದೆ ಕೆಳಗಿನ ಪೈಪಿಗೇ ಬಿಗ್ದು ನಿಲ್ಸಿ, ಪೈಪಿಗೂ ನೆಲಕ್ಕೂ ಮಧ್ಯೆ 3 ಇಂಚು ಜಾಗ ಬಿಟ್ಟೆ. ಹಕ್ಕಿಗಳು ಹೆಚ್ಚಾಗಿ ಮೇಲಿಂದ, ಪಕ್ಕದಿಂದಲೇ ಬರೋದು, ಹಾಗಾಗಿ ಕೆಲ್ಸ ನಡೀತಿದೆ. ಒಂದೇ ಒಂದು ಸಲ ಒಂದು ಹಕ್ಕಿ ತಲೆ ಬಗ್ಸ್ಕೊಂಡು ನಡ್ಕೊಂಡೇ ಒಳಗೆ ಹೋಗಿತ್ತು, ಹೋಗಿದ್ದು ಗೊತ್ತು ಬರೋದು ಗೊತ್ತಿಲ್ಲ, ಅದನ್ನ ಹೊರಗೆ ಕಳ್ಸೋಕೆ ನನಗೆ ಇಪ್ಪತ್ತು ನಿಮಿಷ ಆಯ್ತು.

ಕತ್ತರ್ಸಿದ ಹಳೇ ಬಲೆನ ಮೂಲೇಲಿ ಎಸೀಬೇಡಿ. ಅಲ್ಲೂ ಅದು ಉರುಳೇ. ಚೂರು ಮಾಡಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕಸಕ್ಕೆ ಹಾಕ್ದೆ.

ದಿನ 6, ಬಕೆಟ್

ಬಲೆ ಮುಗೀತಲ್ಲ ಅಂತ ಕೈ ತೊಳ್ಕೊಳೋಕೆ ಹೋದ್ರೆ ಅರ್ಧ ನೀರಿದ್ದ ಬಕೆಟ್ಟಲ್ಲಿ ಹಾವುರಾಣಿ ಮರಿ ಸತ್ತು ತೇಲ್ತಿತ್ತು. ಬೆರಳುದ್ದ, ಬೆನ್ನು ಹಿತ್ತಾಳೆ ಥರ ಹೊಳೀತಿತ್ತು. ತುಂಬ ಬೇಜಾರಾಯ್ತು, ಯಾಕಂದ್ರೆ ಬಲೆ ಬಗ್ಗೆ ನಾಲ್ಕು ದಿನ ತಲೆ ಕೆಡ್ಸ್ಕೊಂಡೋನು ಇಡೀ ವರ್ಷ ಬಾಯಿ ತೆರ್ದಿಟ್ಟಿದ್ದ ಬಕೆಟ್ ಕಡೆ ನೋಡೇ ಇರ್ಲಿಲ್ಲ. ಗೋಡೆ ಹಲ್ಲಿಗಾದ್ರೆ ಕಾಲ್ಬೆರಳ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಲಕ್ಷಗಟ್ಲೆ ಇರ್ತವೆ, ಗಾಜನ್ನೂ ಹತ್ತುತ್ತೆ. ಹಾವುರಾಣಿಗೆ ಇರೋದು ಬರೀ ಉಗುರು, ನಯಸ್ಸಾದ ಪ್ಲಾಸ್ಟಿಕ್ ಗೋಡೆ ಮೇಲೆ ಉಗುರು ಏನು ಮಾಡುತ್ತೆ.

ಮೊದಲ ಉಪಾಯ, ಒಂದು ಹಲಗೆನ ಓರೆಯಾಗಿ ಬಕೆಟ್ಟಿನೊಳಗೆ ನಿಲ್ಸಿದ್ದು. ನೀರು ಜಾಸ್ತಿ ಆದ್ರೆ ತೇಲಿ ಪಕ್ಕಕ್ಕೆ ಬೀಳುತ್ತೆ, ಕಮ್ಮಿ ಆದ್ರೆ ತುಂಬ ಕಡಿದಾಗುತ್ತೆ. ಎರಡನೇದು ಈಗಿರೋದು: ಒಂದೂಕಾಲು ಅಡಿ ಉದ್ದದ ಹಗುರ ಹಲಗೆ, ಒಂದು ತುದಿಲಿ ಎರಡು ತೂತು ಹೊಡ್ದು ಬೈಂಡಿಂಗ್ ವೈರ್ ಹಾಕಿ ಬಕೆಟ್ ಅಂಚಿಗೆ ಸಡಿಲವಾಗಿ ಕಟ್ಟಿದೀನಿ, ಕೀಲು ಬಾಗ್ಲು ಥರ ಮೇಲೆ ಕೆಳಗೆ ಆಡುತ್ತೆ, ಇನ್ನೊಂದು ತುದಿ ನೀರಲ್ಲಿ ತೇಲ್ತಾ ಇರುತ್ತೆ. ಹಲಗೆ ಮೇಲೆ ನಾರಿನ ಹಗ್ಗ ಒತ್ತೊತ್ತಾಗಿ ಸುತ್ತಿದ್ದೀನಿ, ಉಗುರಿಗೆ ಹಿಡಿತ ಸಿಗ್ಲಿ ಅಂತ. ಹಲಗೆನ ಬಕೆಟ್ ಗೋಡೆಗೆ ತಾಗಿಸೇ ಇಡ್ಬೇಕು, ನಡುವೆ ಇಡ್ಬಾರ್ದು, ಬಿದ್ದ ಪ್ರಾಣಿ ಗೋಡೆ ಹಿಡ್ಕೊಂಡೇ ಸುತ್ತು ಹೊಡಿಯೋದು, ನಡುವೆ ಈಜ್ಕೊಂಡು ಹೋಗಿ ಹಲಗೆ ಹುಡ್ಕಲ್ಲ. ಡ್ರಮ್ಮಿಗೂ ಇದೇ ಮಾಡ್ದೆ, ಬೇಡದ ಬಕೆಟ್ಟನ್ನ ಬೋರಲು ಹಾಕ್ದೆ.

ಹಾವುರಾಣಿ ಬಗ್ಗೆ ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಹೆಸ್ರಲ್ಲಿ ಹಾವು ಇದೆ, ಹರಿಯೋದೂ ಹಾವಿನ ಥರಾನೇ, ಅಷ್ಟಕ್ಕೇ ಪಾಪ ಅದನ್ನ ವಿಷದ ಪ್ರಾಣಿ ಅಂತ ಹೊಡ್ದು ಸಾಯ್ಸ್ತಾರೆ. ಅದಕ್ಕೆ ವಿಷ ಇಲ್ಲ. ಕಚ್ಚಿದ್ರೆ ಮನುಷ್ಯರಿಗೆ ಅಪಾಯ ಆಗೋವಂಥ ಗಿಲಾ ಮಾನ್‌ಸ್ಟರ್, ಬೀಡೆಡ್ ಲಿಝರ್ಡ್ ಅನ್ನೋ ವಿಷದ ಹಲ್ಲಿಗಳು ಇರೋದು ಅಮೆರಿಕದ ನೈರುತ್ಯ ಭಾಗದಿಂದ ಮೆಕ್ಸಿಕೊ, ಗ್ವಾಟೆಮಾಲಾವರೆಗಿನ ಒಣ ಪ್ರದೇಶಗಳಲ್ಲಿ, ನಿಮ್ಮ ಕುಂಡದ ಹಿಂದೆ ಅಲ್ಲ.

ದಿನ 9ರಿಂದ 11, ಕಲ್ಲಿನ ಗುಡ್ಡೆ, ಮೊದಲ ಪ್ರಯತ್ನ

ಈಗ ನನಗೆ ಹುರುಪು ಬಂದ್ಬಿಟ್ಟಿತ್ತು. ಓತಿಕ್ಯಾತಕ್ಕೆ ಒಂದು ಮನೆ ಕಟ್ಟೇಬಿಡೋಣ ಅಂತ ಹಿತ್ತಲ ಮೂಲೇಲಿ 3 ಅಡಿ ಸುತ್ತಳತೆಲಿ ಕಲ್ಲು ಪೇರ್ಸಿದೆ, ಅಲುಗಾಡ್ಬಾರ್ದು ಅಂತ ಸಂದಿಗೆಲ್ಲ ಸಿಮೆಂಟ್ ಕಲ್ಸಿ ಮೆತ್ತಿದೆ, ಮುಂದೆ ಒಂದು ಬಾಗ್ಲು ಥರ ಕಮಾನು, ಮಗಳು ಅದಕ್ಕೆ ಬಣ್ಣ ಬೇರೆ ಹಚ್ಚಿದ್ಲು. ನೋಡೋಕೆ ಗೊಂಬೆ ಮನೆ. ಫೋಟೊ ತೆಗ್ದು ಎಲ್ಲರಿಗೂ ಕಳ್ಸಿದ್ದೂ ಆಯ್ತು.

ದಿನ 27

ಹದಿನಾರು ದಿನ. ಒಂದು ಹುಳ ಹೋಗ್ಲಿಲ್ಲ. ತಪ್ಪಾಯ್ತು, ಇರುವೆ ಹೋದ್ವು, ಮತ್ತೆ ಪಕ್ಕದ್ಮನೆ ಬೆಕ್ಕು ದಿನಾ ಮಧ್ಯಾಹ್ನ ಅದರ ಮೇಲೆ ಮಲಗೋಕೆ ಶುರು ಮಾಡ್ತು. ಹಲ್ಲಿ ಜಾತಿಗೆ ಅಂತ ಕಟ್ಟಿದ ಮನೆ ಮೇಲೆ ಬೆಕ್ಕು.

ಕೂತು ಯೋಚ್ನೆ ಮಾಡಿದ್ರೆ ತಪ್ಪುಗಳು ಒಂದರ ಹಿಂದೆ ಒಂದು ಕಾಣೋಕೆ ಶುರುವಾಯ್ತು. ಇವುಗಳಿಗೆ ಬೇಕಾಗಿರೋದೇ ಸಂದಿ, ನಾನು ಸಂದಿನೇ ಸಿಮೆಂಟಲ್ಲಿ ಮುಚ್ಚಿದ್ದೆ. ದೊಡ್ಡ ಬಾಗ್ಲು ಇಟ್ಟಿದ್ದೆ, ಅಂದ್ರೆ ಬೆಕ್ಕಿನ ಕೈ ತೂರೋ ಬಾಗ್ಲು. ಜಾಗನೂ ತಪ್ಪು, ಗೋಡೆ ನೆರಳು ಹನ್ನೊಂದು ಗಂಟೆವರೆಗೆ ಅಲ್ಲೇ ಬಿದ್ದಿರುತ್ತೆ. ಇವು ನಮ್ಮ ಥರ ಉಂಡು ಒಳಗಿಂದ ಮೈ ಬಿಸಿ ಮಾಡ್ಕೊಳೋ ಪ್ರಾಣಿಗಳಲ್ಲ, ಬೆಳಿಗ್ಗೆ ಬಿಸಿಲಲ್ಲಿ ಕಾದ ಮೇಲೇ ಕೈಕಾಲು ಆಡೋದು, ಅದಕ್ಕೇ ಅಷ್ಟೇ ಗಾತ್ರದ ಇಲಿಗೆ ಹೋಲ್ಸಿದ್ರೆ ಬಹಳ ಕಮ್ಮಿ ತಿಂದು ಬದುಕ್ತವೆ. ಬೆಳಗಿನ ಬಿಸಿಲು ಇಲ್ಲದ ಮನೆ ಅವಕ್ಕೆ ಬೇಡ. ಲೇಸರ್ ಥರ್ಮಾಮೀಟರ್ ಇತ್ತು, ಒಂಬತ್ತೂವರೆಗೆ ಹಿಡ್ದು ನೋಡ್ದೆ, ನನ್ನ ಗೊಂಬೆ ಮನೆ 23 ಡಿಗ್ರಿ, ಆರಡಿ ಆಚೆ ಬಿಸಿಲಲ್ಲಿ ಬಿದ್ದಿದ್ದ ಒಡೆದ ಕುಂಡದ ಚೂರು 36. ಆ ಚೂರಿನ ಮೇಲೆ ಒಂದು ಹಾವುರಾಣಿ ಹೊಟ್ಟೆ ಅಂಟಿಸ್ಕೊಂಡು ಮಲ್ಗಿತ್ತು.

ಸುತ್ತಿಗೆ ತಗೊಂಡು ಕೆಡವ್ದೆ. ಮಗಳು ಎರಡು ದಿನ ಮಾತಾಡ್ಸ್ಲಿಲ್ಲ.

ದಿನ 28, 29, ಎರಡನೇ ಪ್ರಯತ್ನ

ಜಾಗ, ಕುಂಡದ ಚೂರು ಬಿದ್ದಿದ್ದ ಕಡೆನೇ. ಜಾಗ ಅವೇ ಆರ್ಸ್ಕೊಂಡಿದಾವೆ, ನಾನ್ಯಾಕೆ ತಲೆ ಕೆಡ್ಸ್ಕೊಳ್ಲಿ. 3 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಆಳ ಗುಂಡಿ ತೆಗ್ದು ತಳಕ್ಕೆ ನಾಲ್ಕು ಬಾಂಡ್ಲಿ ಜಲ್ಲಿ ಸುರ್ದೆ, ಮಳೆ ನೀರು ನಿಲ್ಬಾರ್ದು ಅಂತ, ನೀರು ನಿಂತ್ರೆ ಬಿಲ ಅಲ್ಲ ಅದು ಬಾವಿ. ಗುಂಡಿ ಬಗೆದಿದ್ದು ನನ್ನ ಸೊಂಟಕ್ಕೆ ಗೊತ್ತು. ನೆಲ ಹೆಪ್ಪುಗಟ್ಟೋಷ್ಟು ಚಳಿ ಇರೋ ಕಡೆ ಒಂದಡಿ ಸಾಲೋದಿಲ್ಲ, ಚಳಿಗಾಲ ಪೂರ್ತಿ ಅವು ಒಳಗೇ ಮಲಗೋದ್ರಿಂದ ಹೆಪ್ಪುಗಟ್ಟೋ ಪದರಕ್ಕಿಂತ ಕೆಳಗೆ ಇಳೀಬೇಕು, ಅಂದ್ರೆ ಸುಮಾರು ಮೂರಡಿ.

ಜಲ್ಲಿ ಮೇಲೆ ದಪ್ಪ ಕಲ್ಲು, ಕಲ್ಲಿನ ಮೇಲೆ ಹಳೇ ಹೆಂಚು, ಹೆಂಚಿಗೂ ಹೆಂಚಿಗೂ ಮಧ್ಯೆ ಸಣ್ಣ ಚೂರುಕಲ್ಲು ಕೊಟ್ಟು ಸಂದಿ ಬಿಟ್ಟೆ. ಸಂದಿ ಎಷ್ಟಿರ್ಬೇಕು ಅನ್ನೋದೇ ಇಡೀ ಕೆಲ್ಸದ ಕೀಲು. ನಾನು ಬೆಂಕಿಪೊಟ್ಟಣ ಇಟ್ಕೊಂಡು ಅಳತೆ ಮಾಡ್ದೆ, ಮಲಗಿಸಿದ ಬೆಂಕಿಪೊಟ್ಟಣ ತೂರಿದ್ರೆ ಹಾವುರಾಣಿ ತೂರುತ್ತೆ, ನಿಲ್ಲಿಸಿದ ಬೆಂಕಿಪೊಟ್ಟಣ ತೂರಿದ್ರೆ ಬೆಕ್ಕಿನ ಪಂಜಾನೂ ತೂರುತ್ತೆ. ಸಂದಿ ಒಳಗೆ ಹೋಗ್ತಾ ಹೋಗ್ತಾ ಕಿರಿದಾಗ್ಬೇಕು, ಆಗ ಅವುಗಳ ಬೆನ್ನಿಗೂ ಹೊಟ್ಟೆಗೂ ಎರಡು ಕಡೆ ಕಲ್ಲು ತಾಗುತ್ತೆ, ಅದೇ ಅವಕ್ಕೆ ಧೈರ್ಯ. ಸಿಮೆಂಟ್ ಇಲ್ಲ, ಮಣ್ಣೂ ಇಲ್ಲ. ಪ್ರತಿ ಕಲ್ಲು ಇಟ್ಟ ಮೇಲೂ ಅಂಗೈ ಊರಿ ಮೈಭಾರ ಬಿಟ್ಟು ಅಲುಗಾಡ್ಸ್ದೆ, ಗಡಗಡ ಅಂದ್ರೆ ತೆಗ್ದು ತಿರುಗ್ಸಿ ಇಡೋದು, ಇದನ್ನ ಮಾತ್ರ ಬೇಜಾರು ಮಾಡ್ಕೊಳ್ದೆ ಮಾಡಿ, ಮಕ್ಕಳು ಹತ್ತಿದ್ರೆ ಕಲ್ಲು ಉರುಳಿ ಕಾಲ್ಮೇಲೆ ಬೀಳುತ್ತೆ, ಒಳಗಿರೋ ಪ್ರಾಣಿನೂ ಅಪ್ಪಚ್ಚಿ. ತುದಿಗೆ ಒಂದು ಅಗಲ ಕಪ್ಪು ಚಪ್ಪಡಿ, ಕಾಯಿಸ್ಕೊಳೋಕೆ. ಸುತ್ತ ಬೋಗನ್‌ವಿಲ್ಲಾ ಕತ್ತರ್ಸಿದ್ದ ಮುಳ್ಳು ಕೊಂಬೆ ಸಡಿಲವಾಗಿ ಹರಡ್ದೆ. ಬೆಕ್ಕು ಬಂತು, ಒಂದು ಕಾಲು ಇಟ್ಟು ನನ್ನ ಮುಖ ನೋಡ್ತು, ಹೋಯ್ತು.

ದಿನ 34

ಹಾವುರಾಣಿ ಒಕ್ಕಲಾಗಿದೆ. ಒಂದಲ್ಲ, ಎರಡು. ಅದ್ರಲ್ಲಿ ಒಂದರ ಬಾಲ ಅರ್ಧಕ್ಕೇ ಮೊಂಡು, ತುದಿಲಿ ಹೊಸಾ ಬಾಲ ಮೊಳೀತಿದೆ, ಬಣ್ಣ ಹೊಂದ್ತಿಲ್ಲ, ಹಳೇ ಪ್ಯಾಂಟಿಗೆ ತೇಪೆ ಹಾಕ್ದಂಗೆ. ಬಾಲದ ಮೂಳೆಗಳಲ್ಲೇ ಕಳಚೋಕೆ ಅಂತ ಬಿರುಕಿನ ಗೆರೆ ಇರುತ್ತೆ, ಕಳಚಿದ ತುಂಡು ಒದ್ದಾಡ್ತಾ ಬೆಕ್ಕಿನ ಗಮನ ಹಿಡ್ಕೊಳುತ್ತೆ, ಪ್ರಾಣಿ ಪರಾರಿ. ಹೊಸ ಬಾಲದೊಳಗೆ ಮೂಳೆ ಬರೋದಿಲ್ಲ, ನಮ್ಮ ಕಿವಿಲಿರೋ ಥರದ ಮೃದ್ವಸ್ಥಿಯ ಒಂದು ಕೊಳವೆ ಬರುತ್ತೆ ಅಷ್ಟೆ.

ಆದ್ರೆ ಯಾರಿಗೆ ಅಂತ ಇಷ್ಟೆಲ್ಲ ಕಟ್ಟಿದ್ನೋ ಆ ಓತಿಕ್ಯಾತ ಇತ್ತ ತಲೆ ಹಾಕಿಲ್ಲ. ಹಗಲೆಲ್ಲ ಬೇಲಿ ಮೇಲೆ.

ದಿನ 36, ಗೂಟ

ಬೇಲಿ ಮೇಲೆ! "ಓತಿಕ್ಯಾತಕ್ಕೆ ಬೇಲಿ ಸಾಕ್ಷಿ" ಅಂತ ಚಿಕ್ಕಂದಿನಿಂದ ಹೇಳ್ಕೊಂಡ್ ಬಂದಿದೀನಿ, ಒಂದು ದಿನನಾದ್ರೂ ಆ ಗಾದೇಲಿ ಅದರ ವಿಳಾಸ ಬರ್ದಿದೆ ಅಂತ ಹೊಳೀಲಿಲ್ಲ ನೋಡಿ. ಅದು ಕಲ್ಲಿನ ಸಂದಿಯ ಪ್ರಾಣಿನೇ ಅಲ್ಲ, ಗಿಡ, ಬೇಲಿ, ಗೂಟದ ಪ್ರಾಣಿ. ಅದಕ್ಕೆ ಬೇಕಾಗಿರೋದು ಎತ್ತರ, ಎದುರಾಳಿ ಗಂಡು ಕಾಣ್ಬೇಕು, ಕೆಳಗೆ ಹರಿಯೋ ಹುಳ ಕಾಣ್ಬೇಕು, ಅಪಾಯ ಬಂದ್ರೆ ಕಂಬದ ಆಚೆ ಬದಿಗೆ ಸರಿಯೋಕಾಗ್ಬೇಕು.

ಐದೂವರೆ ಅಡಿ ಉದ್ದದ ತೊಗಟೆ ಇರೋ ಒರಟು ಗೂಟ ಒಂದು ಸಿಕ್ತು, ಮುಂಗೈ ದಪ್ಪ. ಒಂದೂವರೆ ಅಡಿ ನೆಲಕ್ಕೆ, ನಾಲ್ಕಡಿ ಮೇಲಕ್ಕೆ, ಟೊಮ್ಯಾಟೊ ಚೌಕಟ್ಟಿಂದ ಎರಡಡಿ ದೂರದಲ್ಲಿ ಬಿಸಿಲಿಗೆ ನೆಟ್ಟೆ. ಬುಡಕ್ಕೆ ಮಣ್ಣು ತುಂಬಿ ಕಾಲಲ್ಲಿ ದಮ್ಮಸ್ಸು ಮಾಡ್ದೆ. ಒಟ್ಟು ಕೆಲ್ಸ ಹದಿನೈದು ನಿಮಿಷ. ಕಲ್ಲಿನ ಕೆಲ್ಸಕ್ಕೆ ಎರಡೂ ಪ್ರಯತ್ನ ಸೇರಿ ಐದು ದಿನ ಹೋಗಿತ್ತು.

ದಿನ 37

ಬೆಳಿಗ್ಗೆ ಎಂಟು ಗಂಟೆ ನಲ್ವತ್ತು ನಿಮಿಷ. ಗೂಟದ ತುದಿಲಿ ಓತಿಕ್ಯಾತ. ನನಗೆ ನಗು ತಡ್ಯೋಕಾಗ್ಲಿಲ್ಲ.

ಗಂಡು. ಕತ್ತಿಂದ ಭುಜದವರೆಗೆ ಕೆಂಪು ಏರಿತ್ತು, ಗಂಟಲ ಚರ್ಮ ಉಬ್ಸಿ ಮುಂಗಾಲ ಮೇಲೆ ಎದ್ದು ಬಿದ್ದು ಮಾಡ್ತಿತ್ತು, ಮಗಳು "ಅಪ್ಪಾ, ಅದು ದಂಡ ಹೊಡೀತಿದೆ!" ಅಂತ ತಾನೂ ನೆಲಕ್ಕೆ ಬಿದ್ದು ಹೊಡ್ದಳು. ಈ ಕೆಂಪು ನೋಡೇ ಇಂಗ್ಲಿಷಲ್ಲಿ ಇದಕ್ಕೆ ಬ್ಲಡ್‌ಸಕರ್ ಅಂತ ಅಡ್ಡಹೆಸ್ರು ಬಿದ್ದಿದ್ದು, ರಕ್ತ ಗಿಕ್ತ ಏನೂ ಹೀರಲ್ಲ, ಮರಿ ಮಾಡೋ ಕಾಲದಲ್ಲಿ ಗಂಡು ತೋರ್ಸೋ ಠೀವಿ ಅದು. 1802ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ದೊದ್ಯಾಂ ಅನ್ನೋರು ಇದಕ್ಕೆ ಕೊಟ್ಟ ಶಾಸ್ತ್ರೀಯ ಹೆಸ್ರಲ್ಲೂ ವರ್ಸಿಕಲರ್ ಅಂತಿದೆ, ಬಣ್ಣ ಬದಲಾಗೋದು ಅಂತ ಅರ್ಥ.

ಝೂಮ್ ಮಾಡಿ ಫೋಟೊ ತೆಗ್ದೆ. ನೆತ್ತಿ ನಡುವೆ ಒಂದು ಹುರುಪೆ ಮೇಲೆ ಸಾಸಿವೆಗಿಂತ ಸಣ್ಣ ಮಸುಕು ಚುಕ್ಕೆ ಇದೆ, ಅದೇ ಮೂರನೇ ಕಣ್ಣು. ಚಿತ್ರ ಕಾಣಲ್ಲ ಅದಕ್ಕೆ, ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತೆ. ಗೋಡೆ ಹಲ್ಲಿಗೆ ಇದಿಲ್ಲ, ಓತಿಕ್ಯಾತಕ್ಕೂ ಹಾವುರಾಣಿಗೂ ಇದೆ.

ಗೂಟದಿಂದ ನೆಲಕ್ಕೆ ಹಾರಿ, ಬಲೆ ಕೆಳಗಿನ ಆ 3 ಇಂಚಿನ ಸಂದಿಲಿ ತೂರಿ ಒಳಗೆ ಹೋಗಿ, ಟೊಮ್ಯಾಟೊ ಎಲೆ ಮೇಲಿದ್ದ ಹುಳ ಹಿಡ್ದು, ಬಂದ ದಾರಿಲೇ ವಾಪಸ್ ಗೂಟಕ್ಕೆ ಹತ್ತಿದ್ದು ನಾನೇ ಕಣ್ಣಾರೆ ನೋಡ್ದೆ. ನನ್ನ ಜೀವ್ನದಲ್ಲಿ ನಾನು ಮಾಡಿದ ಪ್ಲಂಬಿಂಗು, ವೈರಿಂಗು ಯಾವುದೂ ಮೊದಲ ದಿನವೇ ಹೀಗೆ ಕೆಲ್ಸ ಮಾಡಿಲ್ಲ.

ದಿನ 44

ಸಣ್ಣ ವಿಷ್ಯ. ಬೇಲಿ ಟ್ರಿಮ್ ಮಾಡೋದಿತ್ತು, ಸಂಜೆ ಮಾಡ್ಬಿಡೋಣ ಅಂತ ಕತ್ತರಿ ಹಿಡ್ಕೊಂಡು ಹೋದೋನು ಯಾಕೋ ಟಾರ್ಚ್ ಬಿಟ್ಟು ನೋಡ್ದೆ. ತೆಳೂ ಕೊಂಬೆ ತುದಿಗಳಲ್ಲಿ ಮೂರು ಓತಿಕ್ಯಾತ ಮಲ್ಗಿದ್ವು, ಹಗಲಿನ ಬಣ್ಣ ಎಲ್ಲ ಹೋಗಿ ಬೆಳ್ಳಗೆ ಬಿಳಿಚ್ಕೊಂಡು, ಕಣ್ಣು ಮುಚ್ಚಿ, ಕೊಂಬೆನ ತಬ್ಕೊಂಡು. ತುದಿಲೇ ಯಾಕೆ ಮಲಗ್ತವೆ ಅಂದ್ರೆ ಹಾವು ಬಂದ್ರೆ ಕೊಂಬೆ ಅಲ್ಲಾಡಿ ಎಚ್ರ ಆಗುತ್ತೆ ಅಂತ ನನ್ನ ಅಂದಾಜು. ಕತ್ತರಿ ಆಡ್ಸಿದ್ರೆ ತುದಿನೇ ಮೊದ್ಲು ಹೋಗೋದು. ಈಗ ಟ್ರಿಮ್ಮಿಂಗ್ ಏನಿದ್ರೂ ಬಿಸಿಲೇರಿದ ಮೇಲೆ.

ಮತ್ತೆ ಸ್ಟೋರ್ ರೂಮಲ್ಲಿ ಇಲಿಗೆ ಅಂತ ಇಟ್ಟಿದ್ದ ಅಂಟಿನ ಹಾಳೆ ತೆಗ್ದು ಹಾಕ್ದೆ. ಅದಕ್ಕೆ ಸಿಕ್ಕಿದ್ದು ಇಲಿ ಅಲ್ಲ, ಹಲ್ಲಿ. ಅಡುಗೆ ಎಣ್ಣೆನ ಹತ್ತಿಲಿ ಅದ್ದಿ ಅಂಚಿಂದ ಒಳಕ್ಕೆ ಸ್ವಲ್ಪ ಸ್ವಲ್ಪ ಸವರ್ತಾ ಹೋದ್ರೆ ಅಂಟು ಬಿಡುತ್ತೆ, ಎಳೀಬಾರ್ದು, ಚರ್ಮ ಕಿತ್ಕೊಂಡ್ ಬರುತ್ತೆ. ಅರ್ಧ ಗಂಟೆ ಹಿಡೀತು, ಹಲ್ಲಿ ಬದುಕ್ತು, ಬಾಲ ಮಾತ್ರ ಹಾಳೆ ಮೇಲೇ ಬಿಟ್ಟು ಹೋಯ್ತು.

ದಿನ 51

ಮೊಟ್ಟೆಗೆ ಅಂತ ಕಲ್ಲುಗುಡ್ಡೆ ಪಕ್ಕ ಮರಳಿನ ಪಾತಿ ಮಾಡಿಟ್ಟಿದ್ದೆ, ಜರಡಿ ಹಿಡ್ದ ಮರಳು, ಒಂದು ಕಲ್ಲಿಲ್ಲ. ಹೆಣ್ಣು ಓತಿಕ್ಯಾತ ಅದನ್ನ ದಾಟ್ಕೊಂಡು ಹೋಗಿ ನಾನು ಹಿಂದಿನ ದಿನ ಕುರ್ಪಿಲಿ ಕೆದಕಿ ನೀರು ಹಾಕಿದ್ದ ಬದನೆ ಪಾತಿಲಿ ಗುಂಡಿ ತೋಡ್ತು. ನಾನು ಕಟ್ಟಿದ್ದನ್ನ ಅವು ಬಳಸಲ್ಲ, ಅವು ಬಳಸಿದ್ದನ್ನ ನಾನು ಕಟ್ಟಿರಲ್ಲ, ಇದು ನಮ್ಮ ಮಧ್ಯೆ ಒಪ್ಪಂದ ಆದ ಹಾಗಿದೆ.

ಮುಂಗಾಲಲ್ಲಿ ತೋಡೋದು, ನಿಲ್ಲೋದು, ಸುತ್ತ ನೋಡೋದು. ಮೊಟ್ಟೆ ಇಟ್ಟಾದ್ಮೇಲೆ ಮಣ್ಣು ಎಳೆದು ಮುಚ್ಚಿ, ಮೂತಿಲಿ ಟಕಟಕ ಕುಟ್ಟಿ ಗಟ್ಟಿ ಮಾಡ್ತು, ನಾನು ಗೂಟದ ಬುಡಕ್ಕೆ ದಮ್ಮಸ್ಸು ಮಾಡಿದ್ದಕ್ಕಿಂತ ಚೊಕ್ಕವಾಗಿ. ಕೊನೆಗೆ ಒಂದೆರಡು ಒಣ ಎಲೆ ಮೇಲೆ ಬಿದ್ದ ಹಾಗಾಯ್ತು, ಹತ್ತು ನಿಮಿಷ ಆದ್ಮೇಲೆ ನನಗೇ ಜಾಗ ಯಾವುದು ಅಂತ ಅನುಮಾನ. ಕಡ್ಡಿ ಚುಚ್ಚಿ ಗುರುತಿಟ್ಟೆ.

ತೆಗ್ದು ಎಣ್ಸೋ ಆಸೆ ಆಯ್ತು, ತೆಗೀಲಿಲ್ಲ. ಕೋಳಿಮೊಟ್ಟೆ ಥರ ಇದನ್ನ ಹೊರಳಿಸೋ ಹಾಗಿಲ್ಲ, ಒಳಗಿನ ಭ್ರೂಣ ಮೇಲ್ಭಾಗದ ಚಿಪ್ಪಿನ ಹತ್ರ ಅಂಟ್ಕೊಂಡು ಬೆಳೆಯುತ್ತೆ, ತಲೆಕೆಳಗಾದ್ರೆ ಸಾಯಬಹುದು. ಚಿಪ್ಪು ಕೂಡ ಗೋಡೆ ಹಲ್ಲಿ ಮೊಟ್ಟೆ ಥರ ಗಟ್ಟಿ ಇರಲ್ಲ, ಚರ್ಮದ ಥರ ಮೆತ್ತಗೆ, ಮಣ್ಣಿನ ತೇವ ಹೀರ್ಕೊಂಡು ದಿನ ಕಳೆದ ಹಾಗೆ ಊದ್ಕೊಳುತ್ತೆ. ಹಾಗಾಗಿ ಒಣಗೋಕೂ ಬಿಡೋ ಹಾಗಿಲ್ಲ, ನೀರು ನಿಲ್ಲಿಸೋ ಹಾಗೂ ಇಲ್ಲ. ದಿನ ಬಿಟ್ಟು ದಿನ ಕೈಲಿ ಚಿಮುಕಿಸ್ದೆ. ಬೆಕ್ಕು ಕೆದಕದ ಹಾಗೆ ಹಳೇ ಕೂಲರಿನ ತಂತಿ ಜಾಲರಿನ ಬುಟ್ಟಿ ಥರ ಬಗ್ಸಿ ಮೇಲೆ ಬೋರಲು ಹಾಕಿ, ನಾಲ್ಕು ಮೂಲೆಗೂ ಕೊಕ್ಕೆ ಹೊಡ್ದೆ, ಮರಿ ಹೊರಗೆ ಬರೋಕೆ ಅಂತ ಅಂಚನ್ನ ನೆಲದಿಂದ ಒಂದಿಂಚು ಎತ್ತರಿಸ್ದೆ. ಬದನೆ ನಾಟಿ ಮುಂದಕ್ಕೆ ಹೋಯ್ತು. ಅಮ್ಮ "ನಿನ್ನ ಓತಿಕ್ಯಾತನೇ ಹುಳಿಗೆ ಹಾಕ್ಲಾ?" ಅಂದ್ರು.

ದಿನ 97

ಮೊಟ್ಟೆ ಇಟ್ಟು ನಲ್ವತ್ತಾರನೇ ದಿನ. ಆರೇಳು ವಾರ ಅಂತ ಓದಿದ್ದೆ, ಸರಿಯಾಗೇ ಬಂತು. ರಾತ್ರಿ ಮಳೆ ಬಿದ್ದಿತ್ತು, ಬೆಳಿಗ್ಗೆ ನೋಡಿದ್ರೆ ಕಡ್ಡಿ ಪಕ್ಕ ಮಣ್ಣಲ್ಲಿ ಪೆನ್ಸಿಲ್ ತೂರೋವಷ್ಟು ತೂತು. ಜಾಲರಿ ಕೆಳಗೆ ಎರಡು ಮರಿ, ಬಾಲ ಸೇರಿ ನನ್ನ ತೋರುಬೆರಳುದ್ದ, ಅದ್ರಲ್ಲೂ ಮುಕ್ಕಾಲು ಪಾಲು ಬಾಲವೇ. ತಲೆ ಮೈಗಿಂತ ದೊಡ್ಡದು, ಮೂಗಿನ ತುದಿಗೆ ಮಣ್ಣು ಮೆತ್ಕೊಂಡಿದೆ. ಮಗಳು ಉಸ್ರು ಬಿಗಿ ಹಿಡ್ಕೊಂಡು ಕೂತಿದ್ಲು, ಅಷ್ಟರಲ್ಲಿ ಮೂರನೇದು ತೂತಿಂದ ತಲೆ ಹೊರಗೆ ಹಾಕಿ, ಅಲ್ಲೇ ನಿಂತು, ನಾವು ನೋಡ್ತಿರೋ ಹಾಗೇ ಮೊದಲ ದಂಡ ಹೊಡೀತು. ಮಣ್ಣಿಂದ ತಲೆ ಹೊರಗೆ ಹಾಕಿ ಐದು ನಿಮಿಷ ಆಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಎಣ್ಸ್ದೆ, ಸಂಜೆಗೆ ಒಂದೂ ಕಾಣ್ಲಿಲ್ಲ, ಎಲ್ಲ ಹುಲ್ಲಲ್ಲಿ ಸೇರ್ಕೊಂಡ್ವು. ಎಷ್ಟು ಉಳೀತವೋ. ದೊಡ್ಡ ಓತಿಕ್ಯಾತಗಳೇ ಸಣ್ಣವನ್ನ ನುಂಗೋದೂ ಉಂಟು, ಅದನ್ನ ಮಗಳಿಗೆ ಹೇಳಿಲ್ಲ.

ದಿನ 118

ಬಾಕಿ ಕೆಲ್ಸ. ಗೂಟದ ಬುಡಕ್ಕೆ ಗೆದ್ದಲು ಹಿಡ್ದಿದೆ, ಕೈಲಿ ತಳ್ಳಿದ್ರೆ ಓಲಾಡುತ್ತೆ. ಔಷಧಿ ಹೊಡೆಯೋ ಹಾಗಿಲ್ಲ, ಗೆದ್ದಲು ಓತಿಕ್ಯಾತದ ಊಟ, ಔಷಧಿ ಕುಡಿದ ಗೆದ್ದಲು ತಿಂದ್ರೆ ಕಷ್ಟ. ಹೊಸಾ ಗೂಟ ರೆಡಿ ಇದೆ, ಈ ಸಲ ಬುಡದ ಒಂದೂವರೆ ಅಡಿಗೆ ಹಳೇ ಪಿವಿಸಿ ಪೈಪು ತೊಡ್ಸಿದೀನಿ, ಮಣ್ಣು ಮರಕ್ಕೆ ತಾಗ್ಬಾರ್ದು ಅಂತ. ಹಳೇದನ್ನ ಕೀಳೋಕೂ ಮೊದ್ಲೇ ಹೊಸದನ್ನ ಪಕ್ಕದಲ್ಲಿ ನೆಟ್ಟು ನಾಲ್ಕು ದಿನ ಬಿಡ್ಬೇಕು ಅಂತ ಇದೀನಿ. ಇವತ್ತು ಗುದ್ದಲಿ ತಗೊಂಡ್ ಹೋದಾಗ ಸಾಹೇಬ್ರು ಓಲಾಡೋ ಗೂಟದ ತುದಿಲೇ ಕೆಂಪು ಏರ್ಸ್ಕೊಂಡು ಕೂತಿದ್ರು. ಹತ್ತು ಗಂಟೆ ಆದ್ಮೇಲೆ ಇಳ್ದು ಬೇಲಿಗೆ ಹೋಗೋದು ಅವರ ವಾಡಿಕೆ. ಗುದ್ದಲಿ ಗೋಡೆಗೆ ಒರಗ್ಸಿ ವಾಪಸ್ ಬಂದು ಕೂತಿದೀನಿ, ಇನ್ನೂ ಒಂಬತ್ತೂಮುಕ್ಕಾಲು.